ತಲೆಮನೆಯ ಶಟರ್

ನಮ್ಮೂರಿನಲ್ಲಿ ಗಾಳಿ ಬೀಸುವುದು ನೆಲಕ್ಕಂಟಿಕೊಂಡು. ಮೊಣಕಾಲಿನಿಂದ ಮೇಲೆ ಒಂದು ಎಲೆಯೂ ಅಲುಗುವುದಿಲ್ಲ. ಪುರಸಭೆಯ ಮೇಲಿನ ಬಾವುಟ ಕಟ್ಟಿದ ದಿನ ಹೇಗೆ ಇಳಿಬಿದ್ದಿತ್ತೋ ಹಾಗೇ ಇದೆ. ಅದರ ಕಂಬದ ಬುಡದಲ್ಲಿ ಮಲಗುವ ನಾಯಿಯ ಬಾಲದ ಕೂದಲು ಮಾತ್ರ ಸದಾ ಹಾರಾಡುತ್ತಿರುತ್ತದೆ. ಒಗೆದ ಬಟ್ಟೆಯನ್ನು ನಾವು ಗಿಡ್ಡ ಗೂಟಗಳಿಗೆ ಹಗ್ಗ ಕಟ್ಟಿ ನೆಲದ ಹತ್ತಿರವೇ ಒಣಗಿಸುತ್ತೇವೆ. ಮಂಚದ ಮೇಲೆ ಟ್ರಂಕು, ಪಾತ್ರೆ ಪೇರಿಸಿಟ್ಟು ಮನೆಮಂದಿಯೆಲ್ಲ ಕೆಳಗೆ ಮಲಗುತ್ತೇವೆ. ಯಾರಾದರೂ ಬಂದು ಕೂರದೆ ನಿಂತೇ ಮಾತಾಡಿದರೆ ಜಗಳಕ್ಕೆ ಬಂದಿದ್ದಾರೆ ಎಂದು ತಿಳಿಯಬೇಕು. ನಾನು ಬ್ಲೌಸು ಹೊಲಿಯುವವಳು. ಮದುವೆಯಾಗಿ ಈ ಊರಿಗೆ ಬಂದ ವರ್ಷವೇ ನನ್ನ ಹೊಲಿಗೆ ಮಿಷನ್ನಿನ ಕಾಲು ಬಿಚ್ಚಿಸಿ, ಕೈಯಲ್ಲಿ ತಿರುಗಿಸುವ ಹಿಡಿ ಹಾಕಿಸಿ, ಅದನ್ನು ನೆಲದ ಮೇಲಿಟ್ಟುಕೊಂಡೆ. ಇವತ್ತಿಗೂ ಹಾಗೇ ಹೊಲಿಯುತ್ತೇನೆ.

ನಮ್ಮ ಬೀದಿಯ ಮನೆಗಳು ಒಂದಕ್ಕೊಂದು ಗೋಡೆ ಅಂಟಿಕೊಂಡು ಸಾಲಾಗಿವೆ. ಪ್ರತಿ ಮನೆಯ ಮುಂಭಾಗದಲ್ಲೂ ಗಾಡಿ ನಿಲ್ಲಿಸುವ ಷೆಡ್ಡು, ಆ ಷೆಡ್ಡಿಗೆ ಗುಂಡಿ ಒತ್ತಿದರೆ ಏರಿ ಇಳಿಯುವ ಮೋಟಾರಿನ ಶಟರ್. ಸೈಕಲ್ಲೂ ಇಲ್ಲದವರ ಮನೆಗೂ ಷೆಡ್ಡು ಇದೆ, ಶಟರ್ ಇದೆ. ಒಂದು ಷೆಡ್ಡಿಗೂ ಪಕ್ಕದ ಷೆಡ್ಡಿಗೂ ನಡುವಿನ ಗೋಡೆಯ ಬುಡದಲ್ಲಿ ಒಂದು ಕಂಡಿ. ಬೀದಿಯ ಮೊದಲನೆಯ ಮನೆಯನ್ನು ತಲೆಮನೆ ಅನ್ನುತ್ತೇವೆ. ಗಾಳಿ ಮನೆಗಳೊಳಗೆ ಬರುವುದು ತಲೆಮನೆಯ ಶಟರಿನ ಕೆಳಗಿನಿಂದ ಮಾತ್ರ. ಅಲ್ಲಿಂದ ಕಂಡಿಯಿಂದ ಕಂಡಿಗೆ ಹಾಯ್ದು ಕೊನೆಯ ಮನೆಯ ಶಟರಿನಡಿಯಿಂದ ಹೊರಟುಹೋಗುತ್ತದೆ. ಮಿಕ್ಕ ಮನೆಯವರು ತಮ್ಮ ಶಟರನ್ನು ಎಷ್ಟೇ ಎತ್ತಿದರೂ, ಬಾಗಿಲು ಕಿಟಕಿ ಎಲ್ಲ ತೆರೆದಿಟ್ಟರೂ ಅದು ಒಳಗೆ ಬರುವುದಿಲ್ಲ. ತಲೆಮನೆಯ ಶಟರಿಗೆ ಸರಳು, ಜಾಲರಿ, ತಡಿಕೆ ಏನನ್ನು ಅಡ್ಡ ಇಟ್ಟರೂ ಗಾಳಿ ಅಲ್ಲಿಯವರೆಗೆ ಬಂದು ಹಿಂದಕ್ಕೆ ತಿರುಗುತ್ತದೆ. ಅದಕ್ಕೆ ಬೇಕಾದದ್ದು ಬರಿಯ ತೆರಪು. ಹಾಗಾಗಿ ತಲೆಮನೆಯವರು ಹಗಲೂ ರಾತ್ರಿ ಶಟರನ್ನು ನೆಲದಿಂದ ಒಂದು ಗೇಣು ಎತ್ತಿಯೇ ಇಟ್ಟಿರಬೇಕು. ಅದಕ್ಕೆ ಪ್ರತಿಯಾಗಿ ಬೀದಿಯವರು ಹಬ್ಬದಲ್ಲಿ ಮೊದಲ ಎಡೆ, ಮದುವೆಯಲ್ಲಿ ಮೊದಲ ಎಲೆ ಅವರಿಗೆ ಇಡುತ್ತಾರೆ.

ಆಗ ತಲೆಮನೆಯಲ್ಲಿದ್ದವನು ಗುರುಮಲ್ಲು. ಲಗೇಜ್ ಆಟೊ ಓಡಿಸುತ್ತಿದ್ದ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಆಟೊ ಒಳಗೆ ಬಿಟ್ಟಮೇಲೆ ಶಟರನ್ನು ಇಳಿಸುತ್ತ ಇಳಿಸುತ್ತ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳು ನೆಲಕ್ಕೂರಿ ಕಿರುಬೆರಳನ್ನು ಶಟರಿನ ಅಂಚಿಗೆ ಮುಟ್ಟಿಸಿ, ಗೇಣು ಸರಿಯಾಗಿದೆ ಎಂದು ನೋಡಿಯೇ ಏಳುತ್ತಿದ್ದ. ಅವನ ಹೆಂಡತಿ ದಾಕ್ಷಾಯಿಣಿ ನನ್ನ ಹತ್ತಿರ ಬ್ಲೌಸು ಹೊಲಿಸಲು ಬರುತ್ತಿದ್ದಳು. ಬಂದರೆ ಬೇಗ ಹೋಗುತ್ತಿರಲಿಲ್ಲ. ಅವರಿಗೆ ಒಂದೇ ಮಗು, ಇಂಚರ. ಇನ್ನೂ ಎರಡು ತುಂಬಿರಲಿಲ್ಲ. ಆ ಮಗು ಸದಾ ಶಟರಿನ ಮುಂದೆ ಬೋರಲು ಮಲಗಿ, ಕೆನ್ನೆ ನೆಲಕ್ಕೊತ್ತಿ, ಹೊರಗೆ ಓಡಾಡುವವರ ಪಾದ ನೋಡುತ್ತಿತ್ತು. ಗಾಳಿಗೆ ಅದರ ಹಣೆಗೂದಲು ಹಿಂದಕ್ಕೆ ಹಾರುತ್ತಿತ್ತು. ನಮ್ಮನ್ನೆಲ್ಲ ಅದು ಪಾದದಿಂದಲೇ ಗುರುತು ಹಿಡಿಯುತ್ತಿತ್ತು. ನಾನು ಆ ಕಡೆ ಹೋದರೆ ಸಾಕು, ಒಳಗಿನಿಂದ "ಅಜ್ಜಿ" ಅನ್ನುತ್ತಿತ್ತು. ನಾನು ಬಗ್ಗಿ ಬೆರಳು ತೂರಿಸಿದರೆ ಹಿಡಿದುಕೊಳ್ಳುತ್ತಿತ್ತು.

ನಮ್ಮದು ತಲೆಮನೆಯಿಂದ ನಾಲ್ಕನೆಯ ಮನೆ. ನಮ್ಮನೆಯವರ ಹೆಸರು ಪರಶಿವ. ಸುಣ್ಣದ ಗೂಡಿನಲ್ಲಿ ದುಡಿದು ದುಡಿದು ಎದೆ ಹಾಳುಮಾಡಿಕೊಂಡವರು. ಮೂಟೆ ಹೊತ್ತು ಬೆಳೆದ ದೇಹ. ಆ ದೇಹ ಕೊನೆಕೊನೆಗೆ ಷೆಡ್ಡಿನಲ್ಲಿ ಗಾಳಿಯ ಕಂಡಿಗೆ ಮುಖ ಮಾಡಿಕೊಂಡು ಚಾಪೆಯ ಮೇಲೆ ಮಲಗಿಯೇ ಇರುತ್ತಿತ್ತು. ನಾನು ಪಕ್ಕದಲ್ಲಿ ಕೂತು ಹೊಲಿಯುತ್ತಿದ್ದೆ. ಮಿಷನ್ನಿನ ಸದ್ದು ನಿಂತಾಗಲೆಲ್ಲ ಅವರ ಉಸಿರಿನ ಸದ್ದು ಕೇಳುತ್ತಿತ್ತು. ಆ ವರ್ಷದ ಬೇಸಿಗೆ ಬಹಳ ಕೆಟ್ಟದ್ದಾಗಿತ್ತು. ಮೊದಲ ಮೂರು ಮನೆ ಹಾಯ್ದು ನಮ್ಮ ಕಂಡಿಗೆ ಬರುವಷ್ಟರಲ್ಲಿ ಗಾಳಿಯಲ್ಲಿ ಬಲವೇ ಇರುತ್ತಿರಲಿಲ್ಲ. ಒಂದು ಸಂಜೆ ಗುರುಮಲ್ಲು ಅವರನ್ನು ನೋಡಲು ಬಂದು ಕೂತಿದ್ದಾಗ, ನಮ್ಮನೆಯವರೇ ಬಾಯಿಬಿಟ್ಟು ಕೇಳಿದರು.

"ಗುರುಮಲ್ಲು, ಶಟರ್‌ನ ಒಂಚೂರು ಮೇಲಕ್ಕೆ ಬಿಡೋಕಾಗುತ್ತೇನಪ್ಪ? ಈ ಬೇಸಿಗೆ ಕಳೆಯೋವರ್ಗೂ ಅಷ್ಟೆ."

"ಅದಕ್ಕೇನಣ್ಣ, ಬಿಟ್ರಾಯ್ತು" ಎಂದ ಗುರುಮಲ್ಲು. ಆವತ್ತೇ ಒಂದು ಗೇಣನ್ನು ಒಂದೂವರೆ ಮಾಡಿದ. ಬೀದಿಯವರಿಗೆಲ್ಲ ಗೊತ್ತಾಯಿತು, ಎಲ್ಲರೂ ಹರಸಿದರು. ನಮ್ಮ ಆಚೆ ಪಕ್ಕದ, ಐದನೆಯ ಮನೆಯ ತಮ್ಮಯ್ಯನ ಸೊಸೆ ಆಗತಾನೆ ಹೆತ್ತಿದ್ದಳು. ಆ ಕೂಸು ಕೂಡ ಅಳು ನಿಲ್ಲಿಸಿ ನಿದ್ದೆ ಮಾಡಿತಂತೆ.

ಆಮೇಲೆ ಕೆಲವೇ ದಿನ. ಮಧ್ಯಾಹ್ನದ ಊಟವಾಗಿ ಬೀದಿಯಲ್ಲಿ ಜನವಿರಲಿಲ್ಲ. ಗುರುಮಲ್ಲು ಇಟ್ಟಿಗೆ ಹೇರಿಕೊಂಡು ಹೋಗಿದ್ದ. ದಾಕ್ಷಾಯಿಣಿಗೆ ಕೂತಲ್ಲೇ ಜೊಂಪು ಹತ್ತಿತು. ಎಚ್ಚರವಾದಾಗ ಮಗು ಶಟರಿನ ಮುಂದೆ ಇರಲಿಲ್ಲ. ಅವಳ ಕೂಗು ಮೊದಲು ಕೇಳಿದ್ದು ಕಂಡಿಗಳ ಮೂಲಕ. ಗಾಳಿಯ ಜೊತೆಗೇ ಆ ಕೂಗು ಒಂದೊಂದೇ ಮನೆಯನ್ನು ಹಾಯ್ದು ಬಂತು. ನಾವೆಲ್ಲ ಹೊರಗೆ ಓಡಿದೆವು. ಬೀದಿಯ ಇನ್ನೊಂದು ತುದಿಯಲ್ಲಿ ಕಾಲುವೆ. ಮಗುವನ್ನು ತೂಬಿನ ಹತ್ತಿರ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎತ್ತಿಕೊಂಡು ಬಂದರು. ಅದರ ಬಗ್ಗೆ ಇನ್ನೇನೂ ಹೇಳಲಾರೆ.

ಮಣ್ಣು ಮಾಡಿ ಬಂದ ಸಂಜೆ ಗುರುಮಲ್ಲು ನೇರವಾಗಿ ಷೆಡ್ಡಿನ ಮುಂದೆ ಬಂದು ಗುಂಡಿ ಒತ್ತಿ ನಿಂತ. ಶಟರ್ ಪೂರ್ತಿ ಇಳಿಯಿತು. ಅದರ ಕೆಳಗಂಚಿನ ರಬ್ಬರ್ ಪಟ್ಟಿ ನೆಲಕ್ಕೆ ಒತ್ತಿಕೊಂಡಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಮನೆಗೆ ಬಂದು ನೋಡಿದರೆ ನಮ್ಮ ಕಂಡಿಯ ಮುಂದೆ ಬಿದ್ದಿದ್ದ ದಾರದ ಎಳೆಗಳು ಮಿಸುಕಾಡುವುದನ್ನು ನಿಲ್ಲಿಸಿದ್ದವು.

ಮೊದಲ ದಿನಗಳಲ್ಲಿ ಯಾರಿಗೂ ಕೇಳುವ ಮನಸ್ಸಿರಲಿಲ್ಲ, ಬಾಯಿಯೂ ಇರಲಿಲ್ಲ. ಆ ಮನೆಯವರ ಸಂಕಟದ ಮುಂದೆ ನಮ್ಮ ಸೆಖೆ ಎಷ್ಟರದು ಎಂದುಕೊಂಡು ಎಲ್ಲರೂ ಹೊಂದಿಕೊಂಡರು. ಸಂಜೆಯಿಂದ ಬೆಳಗಿನವರೆಗೆ ರಸ್ತೆಯಂಚಿನಲ್ಲಿ ಚಾಪೆ ಹಾಸಿಕೊಂಡು ಮಲಗಿದರು. ಹಗಲು ಬಿಸಿಲೇರಿದ ಮೇಲೆ ಮಕ್ಕಳನ್ನು ಆಚೆ ಬೀದಿಯ ನೆಂಟರ ಮನೆಗೆ ಕಳಿಸಿದರು. ಒಲೆಯನ್ನು ಹಿತ್ತಲಿಗೆ ಸಾಗಿಸಿದರು. ಮನೆಗಳೊಳಗೆ ಗಾಳಿ ಎನ್ನುವುದು ಮಡುಗಟ್ಟಿ ನಿಂತ ನೀರಾಯಿತು. ನಿನ್ನೆ ಮಾಡಿದ ಸಾರಿನ ವಾಸನೆ ಇವತ್ತೂ ಇರುತ್ತಿತ್ತು, ಮೊನ್ನೆ ಹಚ್ಚಿದ ಊದುಬತ್ತಿಯದೂ ಇರುತ್ತಿತ್ತು. ದೀಪದ ಕುಡಿ ನೆಟ್ಟಗೆ ನಿಂತಿರುತ್ತಿತ್ತು. ನಾನು ನಮ್ಮನೆಯವರನ್ನು ಹೆಗಲು ಕೊಟ್ಟು ರಸ್ತೆಗೆ ಕರೆದುಕೊಂಡು ಹೋಗುತ್ತಿದ್ದೆ, ಬಿಸಿಲಿಗೆ ಮತ್ತೆ ಒಳಗೆ ಕರೆದುಕೊಂಡು ಬರುತ್ತಿದ್ದೆ. ಪ್ರತಿ ಸಲ ಆ ನಾಲ್ಕು ಹೆಜ್ಜೆಗೆ ಅವರು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರು. ಒಳಗೆ ಬಂದಮೇಲೆ ಅಭ್ಯಾಸಬಲದಿಂದ ಕಂಡಿಗೆ ಮುಖ ಕೊಟ್ಟೇ ಮಲಗುತ್ತಿದ್ದರು. ಅಲ್ಲಿಂದ ಏನೂ ಬರುತ್ತಿರಲಿಲ್ಲ.

ಒಂದು ದಿನ ಗುರುಮಲ್ಲು ಆಟೊ ತೊಳೆಯುತ್ತಿದ್ದ. ಶಟರ್ ಎತ್ತದೆ ಇದ್ದುದರಿಂದ ಆಟೊ ಈಗ ಹೊರಗೇ ನಿಲ್ಲುತ್ತಿತ್ತು. ನಾನು ಹಾಲು ತರಲು ಹೋಗುತ್ತಿದ್ದವಳು ನಿಂತೆ. "ಊಟ ಮಾಡ್ತಿದ್ದೀಯೇನಪ್ಪ?" ಎಂದೆ.

ಅವನು ನನ್ನ ಕಡೆ ನೋಡದೆ ಹೇಳಿದ: "ಪರಶಿವಣ್ಣಂಗೆ ಗಾಳಿ ಬೇಕಿತ್ತಲ್ಲ ಅಕ್ಕ. ಕೊಟ್ಟೆ. ಇನ್ನು ನನ್ನ ಹತ್ರ ಕೊಡೋಕೆ ಏನೂ ಇಲ್ಲ."

ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. ನಾನು ಮನೆಗೆ ಬಂದು ಆ ಮಾತನ್ನು ನಮ್ಮನೆಯವರಿಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಮಗು ಹೋದ ದಿನದಿಂದ ಅವರು ತಮಗೆ ತಾವೇ ಅದನ್ನು ಹೇಳಿಕೊಳ್ಳುತ್ತಿದ್ದರು.

ಊರಿನಲ್ಲಿ ಒಂದು ಕಟ್ಟಳೆ ಇದೆ. ತಲೆಮನೆಯ ಶಟರ್ ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಮುಚ್ಚಿಯೇ ಇದ್ದರೆ, ಬೀದಿಯವರು ನೀರಿನ ಟ್ಯಾಂಕಿನ ಹಿಂದೆ ಸೇರಬೇಕು. ಪ್ರತಿ ಮನೆಯಿಂದ ಒಬ್ಬರು ಎದ್ದು ನಿಂತು "ಮುಚ್ಚಿದೆ" ಎಂದು ಹೇಳಬೇಕು. ಎಲ್ಲ ಮನೆಯವರೂ ಹೇಳಿದರೆ ತಲೆಮನೆಯವರು ಬೀದಿಯ ಕೊನೆಯ ಮನೆಗೆ ಹೋಗಬೇಕು, ಕೊನೆಯ ಮನೆಯವರು ತಲೆಮನೆಗೆ ಬರಬೇಕು. ಒಂದು ಮನೆಯವರು ಹೇಳದಿದ್ದರೂ ಎಲ್ಲ ಇದ್ದ ಹಾಗೇ. ಕೊನೆಯ ಮನೆ ಕಾಲುವೆಯ ದಡದಲ್ಲಿತ್ತು. ಅದರ ಶಟರಿನ ಮುಂದೆಯೇ ಕಾಲುವೆಯ ಮೆಟ್ಟಿಲು.

ಸಭೆ ಕರೆದದ್ದು ತಮ್ಮಯ್ಯ. ಅವನನ್ನು ಕೆಟ್ಟವನು ಅನ್ನಲಾರೆ. ಅವನ ಮೊಮ್ಮಗಳು ಹಾಲು ಕಕ್ಕಲು ಶುರುಮಾಡಿದ್ದಳು. ಹಗಲೆಲ್ಲ ಆ ಕೂಸಿನ ಬಾಯಿ ಮೀನಿನ ಬಾಯಿಯ ಹಾಗೆ ತೆರೆದೇ ಇರುತ್ತಿತ್ತು. ಎಲ್ಲರೂ ನೆಲದ ಮೇಲೆ ಸುತ್ತ ಕೂತೆವು. ನಮ್ಮನೆಯವರನ್ನು ಕೈಗಾಡಿಯ ಮೇಲೆ ಕೂರಿಸಿಕೊಂಡು ಬಂದಿದ್ದೆ. ಗುರುಮಲ್ಲು ಬರಲಿಲ್ಲ, ದಾಕ್ಷಾಯಿಣಿಯೂ ಬರಲಿಲ್ಲ.

"ಯಾರ ಮೇಲೂ ದ್ವೇಷ ಇಟ್ಕೊಂಡು ಹೇಳ್ತಿಲ್ಲ. ಒಂದು ಮಗೂನ ಕಳ್ಕೊಂಡಿದ್ದೀವಿ, ಇನ್ನೊಂದ್ನ ಕಳ್ಕೊಳೋಕೆ ನನ್ ಕೈಲಾಗಲ್ಲ" ಎಂದ ತಮ್ಮಯ್ಯ. ಎದ್ದು ನಿಂತು "ಮುಚ್ಚಿದೆ" ಎಂದ.

ಒಬ್ಬೊಬ್ಬರೇ ಎದ್ದರು. ಕೆಲವರು ತಲೆ ತಗ್ಗಿಸಿಕೊಂಡೇ ಹೇಳಿದರು. ಒಬ್ಬಳು ಹೇಳಿ ಅಳುತ್ತ ಕೂತಳು. ನಮ್ಮ ಸರದಿ ಬಂದಾಗ ನಮ್ಮನೆಯವರು ನನ್ನ ತೋಳು ಹಿಡಿದು, ಎದ್ದು ನಿಲ್ಲಿಸು ಎಂದು ಸನ್ನೆ ಮಾಡಿದರು. ಅವರು ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಿಂತಮೇಲೆ ಉಸಿರು ಸಿಗಲು ಇನ್ನಷ್ಟು ಹೊತ್ತು ಹಿಡಿಯಿತು.

"ನಾನು ಹೇಳಲ್ಲ" ಎಂದರು.

ತಮ್ಮಯ್ಯ ತಾಳ್ಮೆಯಿಂದಲೇ ಕೇಳಿದ. "ಪರಶಿವಣ್ಣ, ಎಲ್ರಿಗಿಂತ ಹೆಚ್ಚು ನಿಮಗೇ ಬೇಕು ಅದು. ನಿಮ್ಮನ್ನ ನೋಡಿ ತಾನೇ ನಾವಿಲ್ಲಿ ಕೂತಿರೋದು?"

"ಅವ್ರನ್ನ ಕಾಲುವೆ ಮುಂದೆ ಕೂರಿಸ್ತೀರಾ? ದಿನಾ ಬೆಳಗಾಗೆದ್ದು ಅದನ್ನ ನೋಡ್ಲಿ ಅಂತ?"

ತಮ್ಮಯ್ಯ ಮತ್ತೆ ಎದ್ದು ನಿಂತ. ನಮ್ಮನೆಯವರೂ ನಿಂತೇ ಇದ್ದರು. ಇಬ್ಬರೂ ನಿಂತು ಮಾತಾಡಿದ್ದನ್ನು ನಾನು ಅದೇ ಮೊದಲು ಕಂಡದ್ದು. "ನನ್ ಮೊಮ್ಮಗಳಿಗೆ ಏನಾದ್ರೂ ಆದ್ರೆ ನೀವೇ ಹೊಣೆ" ಎಂದ ತಮ್ಮಯ್ಯ.

"ಹೊಣೆ ಆಗ್ಲೇ ಹೊತ್ತಿದ್ದೀನಲ್ಲ ತಮ್ಮಯ್ಯ. ಅದರ ಜೊತೆಗೆ ಇದೂ ಇರ್ಲಿ" ಎಂದರು ನಮ್ಮನೆಯವರು.

ಅವತ್ತಿನಿಂದ ಬೀದಿಯವರು ನಮ್ಮ ಜೊತೆ ಮಾತು ಕಡಿಮೆ ಮಾಡಿದರು. ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ಕೆಲವರು ಹಾಗೇ ವಾಪಸ್ಸು ತೆಗೆದುಕೊಂಡು ಹೋದರು. ನನಗೆ ನಮ್ಮನೆಯವರ ಮೇಲೂ ಸಿಟ್ಟಿತ್ತು. ಸಾಯುತ್ತಿರುವ ಮನುಷ್ಯ ಬದುಕುವ ದಾರಿಯನ್ನು ತಾನೇ ಮುಚ್ಚಿಬಂದರೆ ಹೆಂಡತಿಗೆ ಇನ್ನೇನಾಗುತ್ತದೆ? ಆ ಸಿಟ್ಟಿನಲ್ಲೇ ನಾನು ಮರುದಿನ ತಲೆಮನೆಗೆ ಹೋದೆ. ಕೇಳಿಯೇಬಿಡುವುದು ಎಂದು ಹೋದೆ.

ದಾಕ್ಷಾಯಿಣಿ ಪಕ್ಕದ ಬಾಗಿಲು ತೆಗೆದು, ಒಳಗೆ ಹೋಗಿ, ಷೆಡ್ಡಿನಲ್ಲಿ ಶಟರಿಗೆ ಬೆನ್ನು ಕೊಟ್ಟು ಕೂತಳು. ಅವಳು ದಿನವಿಡೀ ಕೂರುವ ಜಾಗ ಅದೇ ಇರಬೇಕು; ಬೆನ್ನು ತಾಗುವಲ್ಲಿ ಶಟರಿನ ತಗಡು ಹೊಳಪೇರಿತ್ತು. ಆ ಷೆಡ್ಡಿನಲ್ಲಿ ನಮ್ಮ ಮನೆಗಿಂತಲೂ ಹೆಚ್ಚು ಉಸಿರುಗಟ್ಟುತ್ತಿತ್ತು. ಅವಳ ಕತ್ತಿನಿಂದ ಬೆವರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳುತ್ತಿರಲಿಲ್ಲ. ಎದುರಿಗೆ ಕೂತೆ.

ಅವಳೇ ಕೇಳಿದಳು. "ತೆಗಿ ಅಂತ ಕೇಳೋಕೆ ಬಂದ್ರಾ ಅಕ್ಕ?"

"ಹೌದು, ಅದಕ್ಕೇ ಬಂದೆ. ಆದ್ರೆ ಕೇಳಲ್ಲ" ಎಂದೆ.

"ಅವ್ರು ಮುಚ್ಚಿದ್ದು ಪರಶಿವಣ್ಣನ ಮೇಲಿನ ಕೋಪಕ್ಕೆ. ನಾನು ತೆಗೀದೆ ಇರೋದು ಅದಕ್ಕಲ್ಲ." ಅವಳು ಸ್ವಲ್ಪ ಸುಧಾರಿಸಿಕೊಂಡು ಮುಂದುವರಿಸಿದಳು. "ಅವಳು ನೀರಲ್ಲಿ ಉಸಿರಿಲ್ದೆ ಹೋದ್ಲು. ನನಗೆ ಸಲೀಸಾಗಿ ಉಸಿರು ಬರಬಾರ್ದು ಅಕ್ಕ. ಒಂದೊಂದು ಸಲ ಎಳ್ಕೊಳೋವಾಗ್ಲೂ ಕಷ್ಟ ಆಗ್ಬೇಕು."

ನಾನು ಅವಳ ಪಾದ ನೋಡುತ್ತ ಕೂತಿದ್ದೆ. ಮರುದಿನ ಮಿಷನ್ ಎತ್ತಿಕೊಂಡು ಹೋಗಿ ಅವಳ ಷೆಡ್ಡಿನಲ್ಲೇ ಕೂತು ಹೊಲಿದೆ. ಅದರ ಮರುದಿನವೂ ಹೋದೆ. ಅವಳು ಬೇಡ ಅನ್ನಲಿಲ್ಲ. ಗುರುಮಲ್ಲು ಬಂದಾಗ ನನ್ನನ್ನು ದಾಟಿಕೊಂಡು ಅಡಿಗೆಮನೆಗೆ ಹೋಗಿ ತಾನೇ ಬಡಿಸಿಕೊಂಡು ಉಂಡು ಹೊರಡುತ್ತಿದ್ದ. ಗಂಡ ಹೆಂಡತಿ ಒಂದು ಮಾತನ್ನೂ ಆಡಿಕೊಳ್ಳುವುದನ್ನು ನಾನು ಕಾಣಲಿಲ್ಲ. ಒಬ್ಬರನ್ನೊಬ್ಬರು ಹಾದುಹೋಗುವಾಗ ಸೆರಗು ಕೂಡ ತಾಗದಷ್ಟು ಜಾಗ ಬಿಟ್ಟುಕೊಂಡು ಹೋಗುತ್ತಿದ್ದರು.

ಮನೆಯಲ್ಲಿ ನಮ್ಮನೆಯವರು ದಿನದಿನಕ್ಕೆ ಇಳಿಯುತ್ತಿದ್ದರು. ತುಟಿಯ ಬಣ್ಣ ನೇರಳೆಗೆ ತಿರುಗಿತ್ತು. ಒಂದು ಬೆಳಗ್ಗೆ ನಾನು ಮಿಷನ್ ಎತ್ತಿಕೊಂಡು ಹೊರಡುವಾಗ, "ನನ್ನೂ ಕರ್ಕೊಂಡ್ಹೋಗು ವಿಶಾಲ" ಎಂದರು.

"ಎಲ್ಲಿಗೆ?"

"ತಲೆಮನೆಗೆ. ಅವನು ಊಟಕ್ಕೆ ಬರೋ ಹೊತ್ತಿಗೆ."

ಮಧ್ಯಾಹ್ನ ಹೊರಟಾಗ ಕೈಗಾಡಿ ಬೇಡ ಎಂದರು. ಮೂರು ಮನೆ ದಾಟಲು ಗೋಡೆ ಹಿಡಿದು, ಕೂತು, ಮತ್ತೆ ಎದ್ದು ನಡೆದರು. ತಮ್ಮಯ್ಯ ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕೊನೆಗೆ ಅವನೇ ಬಂದು ಇನ್ನೊಂದು ಕಡೆಯಿಂದ ತೋಳಿಗೆ ಕೈ ಕೊಟ್ಟ. ತಲೆಮನೆಯ ಬಾಗಿಲವರೆಗೆ ಬಿಟ್ಟು, ಒಳಗೆ ಬರದೆ ಹಿಂದಿರುಗಿದ.

ಗುರುಮಲ್ಲು ತಟ್ಟೆಯ ಮುಂದೆ ಕೂತಿದ್ದ. ನಮ್ಮನೆಯವರನ್ನು ಕಂಡು ಅವನ ಕೈ ನಿಂತಿತು. ದಾಕ್ಷಾಯಿಣಿ ಶಟರಿನ ಬಳಿಯಿಂದ ಎದ್ದು ಬಂದು ಚಾಪೆ ಹಾಸಿದಳು. ನಮ್ಮನೆಯವರು ಅದರ ಮೇಲೆ ಕೂರಲಿಲ್ಲ, ಬರಿ ನೆಲದ ಮೇಲೆ ಕೂತರು.

"ಗುರುಮಲ್ಲು, ಶಟರ್ ತೆಗಿ ಅಂತ ಕೇಳೋಕೆ ಬಂದಿಲ್ಲ. ನಾನೂ ಇವಳೂ ಬೀದಿ ಬಿಟ್ಟು ಹೋಗ್ತೀವಿ. ಇಟ್ಟಿಗೆ ಗೂಡಿನ ಹತ್ರ ಒಂದು ಗುಡಿಸಲು ಹೇಳಿ ನೋಡ್ಸಿದ್ದೀನಿ." ಅವರು ಉಸಿರಿಗಾಗಿ ತಡೆದು ತಡೆದು ಹೇಳುತ್ತಿದ್ದರು. ಗುಡಿಸಲಿನ ವಿಷಯ ನನಗೆ ಗೊತ್ತಿರಲಿಲ್ಲ. "ನಾನು ಕೇಳದೆ ಇದ್ದಿದ್ರೆ ಒಂದು ಗೇಣೇ ಇರ್ತಿತ್ತು. ಮಗು ಇರ್ತಿತ್ತು. ನನ್ನ ಮುಖ ದಿನಾ ನಿಮ್ಮ ಕಣ್ಣಿಗೆ ಬೀಳ್ಬಾರ್ದು. ನಾನು ಹೋದ್ಮೇಲೆ ನಿನ್ನ ಮನಸ್ಸಿಗೆ ಬಂದಾಗ ತೆಗಿ. ಆ ಕೂಸಿಗೋಸ್ಕರ ತೆಗಿ. ನನಗೆ ಅಂತ ತೆಗೀಬೇಡ."

ಗುರುಮಲ್ಲು ತಟ್ಟೆಯನ್ನೇ ನೋಡುತ್ತಿದ್ದ. "ಆವತ್ತು ನಾನೇ ಅಳತೆ ನೋಡಿದ್ದು. ಈ ಕೈಯಲ್ಲೇ" ಎಂದ. ತುತ್ತು ಕಲಸಿದ ಕೈಯನ್ನು ಎತ್ತಿ ಹಿಡಿದ. "ಈ ಕೈ ಕಂಡ್ರೆ ನಂಗೆ ಅನ್ನ ಸೇರಲ್ಲ ಅಣ್ಣ. ನಿಮ್ಮನ್ನ ಬೈಕೊಂಡ್ರೆ ಒಂದು ಗಳಿಗೆ ಮರೆಯುತ್ತೆ."

"ಬೈಕೋ" ಎಂದರು ನಮ್ಮನೆಯವರು.

ಆಗ ದಾಕ್ಷಾಯಿಣಿ ಮಾತಾಡಿದಳು. ಗೋಡೆಗೆ ಒರಗಿ ಕೂತವಳು, ಗಂಡನ ಕಡೆಗಲ್ಲ, ನಮ್ಮನೆಯವರ ಕಡೆ ನೋಡಿಕೊಂಡು ಮಾತಾಡಿದಳು.

"ಅಣ್ಣ, ನೀವು ಕೇಳಿದ ಎತ್ತರದಲ್ಲಿ ಅವಳು ನುಸುಳ್ತಿರ್ಲಿಲ್ಲ. ಅಂಬೆಗಾಲಲ್ಲಿ ತಲೆ ತೂರಿಸೋಳು, ಬೆನ್ನು ತಗಲಿ ಆಚೆ ಹೋಗೋಕಾಗದೆ ಅಳೋಳು. ನಾನು ಎಷ್ಟೋ ಸಲ ನೋಡಿದ್ದೆ. ಆವತ್ತು ಒಲೆ ಮುಂದಿಂದ ಎದ್ದು ಬಂದೆ. ಮೈಯೆಲ್ಲ ಉರೀತಿತ್ತು. ಗುಂಡಿ ಒತ್ತಿ ಇನ್ನೂ ಮೇಲಕ್ಕೆ ಎತ್ತಿದೆ. ಒಂದು ಗಳಿಗೆ ತಣ್ಣಗಾಗಿ ಆಮೇಲೆ ಇಳಿಸೋಣ ಅಂದ್ಕೊಂಡೆ. ಅವಳಿಗೋಸ್ಕರ ಅಲ್ಲ. ನನಗೆ ಸೆಖೆ ಆಗ್ತಿತ್ತು. ಅದೇ ಗಾಳಿಗೆ ನಿದ್ದೆ ಬಂತು."

ಅವಳ ದನಿ ಎಲ್ಲೂ ತಡವರಿಸಲಿಲ್ಲ. ದಿನವೂ ಒಳಗೊಳಗೇ ಹೇಳಿಕೊಂಡು ಸವೆದ ಮಾತಿನ ಹಾಗಿತ್ತು. "ಎದ್ದು ಕೂಗ್ತಾ ಓಡೋವಾಗ ಇನ್ನೊಂದು ಸಲ ಗುಂಡಿ ಒತ್ತಿ ಮೊದಲಿದ್ದಲ್ಲಿಗೆ ಇಳಿಸಿ ಓಡಿದ್ದೀನಿ. ಯಾಕೆ ಇಳಿಸಿದ್ನೋ ಇವತ್ತಿಗೂ ಗೊತ್ತಿಲ್ಲ. ಇವ್ರು ಬಂದು ನೋಡ್ದಾಗ ಒಂದೂವರೆ ಗೇಣೇ ಇತ್ತು. ನಿಮ್ಮ ಮೇಲೆ ಹೋಯ್ತು, ಇವ್ರ ಕೈ ಮೇಲೆ ಹೋಯ್ತು. ನಾನು ಸುಮ್ನಿದ್ದೆ."

ಗುರುಮಲ್ಲು ನಿಧಾನವಾಗಿ ಎದ್ದ. ತಟ್ಟೆಯನ್ನು ತೆಗೆದುಕೊಂಡು ಹೋಗಿ ತೊಟ್ಟಿಯ ಬಳಿ ಇಟ್ಟು, ಕೈ ತೊಳೆದುಕೊಂಡ. ಬಹಳ ಹೊತ್ತು ತೊಳೆದ. ಆಮೇಲೆ ಆಟೊ ಕೀ ತೆಗೆದುಕೊಂಡು, ಯಾರ ಕಡೆಯೂ ನೋಡದೆ ಹೊರಟುಹೋದ. ದಾಕ್ಷಾಯಿಣಿ ಅವನನ್ನು ಕರೆಯಲಿಲ್ಲ. ನಮ್ಮನೆಯವರು ಕೂತಲ್ಲಿಂದಲೇ ಕೈ ಚಾಚಿ ಅವಳ ತಲೆಯ ಮೇಲಿಟ್ಟರು. ಅವಳು ಆಗ ಅತ್ತಳು. ಮಗು ಹೋದಾಗ ಕೂಗಿದ್ದನ್ನು ಕೇಳಿದ್ದೆ. ಅತ್ತಿದ್ದು ನಾನು ಕಂಡಹಾಗೆ ಅದೇ ಮೊದಲು.

ಗುರುಮಲ್ಲು ಅಂದು ಮನೆಗೆ ಬರಲಿಲ್ಲ. ಬೆಳಗ್ಗೆ ನಾನು ಹೋದಾಗಲೂ ಬಂದಿರಲಿಲ್ಲ. ದಾಕ್ಷಾಯಿಣಿ ಸ್ನಾನ ಮಾಡಿ ತಲೆಗೆ ಟವಲು ಸುತ್ತಿಕೊಂಡು, ಷೆಡ್ಡನ್ನು ಗುಡಿಸುತ್ತಿದ್ದಳು. ಗುಡಿಸಿ ಮುಗಿಸಿ, ಪೊರಕೆ ಮೂಲೆಗಿಟ್ಟು, ಗುಂಡಿಯ ಹತ್ತಿರ ಹೋಗಿ ನಿಂತಳು.

"ನನ್ನ ಜೊತೆ ಇರಿ ಅಕ್ಕ" ಎಂದಳು.

ನಾನು ಅವಳ ಪಕ್ಕ ಹೋಗಿ ನಿಂತೆ. ಅವಳು ಗುಂಡಿಯ ಮೇಲೆ ಬೆರಳಿಟ್ಟು ತೆಗೆದಳು, ಮತ್ತೆ ಇಟ್ಟಳು. ಇಷ್ಟು ದಿನ ಓಡದ ಮೋಟಾರು ಮೊದಲು ನರಳಿತು. ನೆಲಕ್ಕಂಟಿಕೊಂಡಿದ್ದ ರಬ್ಬರ್ ಪಟ್ಟಿ ಬಿಟ್ಟುಕೊಂಡಾಗ ಸಣ್ಣ ಸದ್ದಾಯಿತು. ಬೆಳಕು ಒಂದು ಗೆರೆಯಾಗಿ ಒಳಗೆ ಬಂತು, ಅದರ ಹಿಂದೆ ಗಾಳಿ. ಒಂದು ಗೇಣಾದ ಮೇಲೆ ಅವಳು ಬೆರಳು ತೆಗೆದಳು. ಕೂತು, ಕೈಯಲ್ಲಿ ಅಳತೆ ನೋಡಿದಳು. ಅವಳ ಕೈ ಸಣ್ಣದು, ಗುರುಮಲ್ಲುವಿನ ಗೇಣಿಗಿಂತ ಕಡಿಮೆಯೇ ಇತ್ತು ಆ ತೆರಪು. ಗಾಳಿಗೆ ಅಷ್ಟು ಸಾಕಾಯಿತು. ನನ್ನ ಸೀರೆಯ ಅಂಚು ಎದ್ದಿತು. ಪಕ್ಕದ ಕಂಡಿಯಲ್ಲಿ ಕಟ್ಟಿಕೊಂಡಿದ್ದ ಧೂಳು ಒಮ್ಮೆಗೇ ಹಾರಿ ಆಚೆ ಹೋಯಿತು. ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ಕೆಳಗಿಟ್ಟರು. ಅದರಾಚೆ ಮನೆಯಲ್ಲಿ ಮಾತು ನಿಂತಿತು.

ದಾಕ್ಷಾಯಿಣಿ ಆ ತೆರಪಿನ ಮುಂದೆಯೇ ಕೂತಿದ್ದಳು. "ಇನ್ಮೇಲೆ ಇಲ್ಲಿಂದ ಏಳಲ್ಲ ನಾನು. ಯಾವ ಮಗು ಬಂದ್ರೂ ನೋಡ್ಕೋತೀನಿ" ಎಂದಳು.

"ಒಬ್ಬಳೇ ಯಾಕೆ ಕೂರ್ತೀಯ? ಮಧ್ಯಾಹ್ನ ಹೊತ್ತು ನಾನು ಕೂರ್ತೀನಿ. ಮಿಷನ್ ಇಲ್ಲೇ ಇರ್ಲಿ" ಎಂದೆ. ಆಮೇಲೆ ಬೀದಿಯ ಪ್ರತಿ ಮನೆಯಿಂದಲೂ ಒಬ್ಬರು ಸರದಿಯ ಮೇಲೆ ಬಂದು ಕೂರುವುದು ರೂಢಿಯಾಯಿತು. ಈಗ ಊರಿನ ಎಲ್ಲ ಬೀದಿಗಳಲ್ಲೂ ತಲೆಮನೆಯ ಮುಂದೆ ಒಬ್ಬರು ಕೂತಿರುತ್ತಾರೆ. ಆವತ್ತು ಅದು ನಾವಿಬ್ಬರೇ ಆಡಿಕೊಂಡ ಮಾತು.

ಹೊರಗೆ ಆಟೊ ನಿಂತ ಸದ್ದಾಯಿತು. ಎಂಜಿನ್ ನಿಂತಮೇಲೂ ಯಾರೂ ಇಳಿದಂತೆ ಕೇಳಲಿಲ್ಲ. ಬಹಳ ಹೊತ್ತಿನ ಮೇಲೆ ಶಟರಿನ ಕೆಳಗೆ ಎರಡು ಪಾದ ಕಂಡವು, ಕೆಮ್ಮಣ್ಣು ಮೆತ್ತಿದ ಪಾದಗಳು. ಅವು ಅಲ್ಲೇ ನಿಂತಿದ್ದವು. ಪಕ್ಕದಲ್ಲೇ ಬಾಗಿಲಿತ್ತು, ಅವನು ಅಲ್ಲಿಗೆ ಹೋಗಲಿಲ್ಲ. ಆಮೇಲೆ ಗುರುಮಲ್ಲು ಶಟರಿಗೆ ಒರಗಿ ನೆಲದ ಮೇಲೆ ಕೂತ. ತಗಡು ಒಳಗೆ ಸ್ವಲ್ಪ ಉಬ್ಬಿತು. ಅವನ ಒಂದು ಕೈ ತೆರಪಿನಡಿಯಿಂದ ಒಳಗೆ ಬಂದು, ಅಂಗೈ ಮೇಲಾಗಿ, ಗಾಳಿಯಲ್ಲಿ ಬಿದ್ದುಕೊಂಡಿತು. ಅವನು ಅಳತೆ ನೋಡಲು ಬಳಸುತ್ತಿದ್ದ ಬಲಗೈ. ದಾಕ್ಷಾಯಿಣಿ ಅದನ್ನು ನೋಡುತ್ತ ಕೂತಳು. ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಅದರ ಬೆರಳುಗಳ ಮಣ್ಣನ್ನು ಒಂದೊಂದಾಗಿ ಒರೆಸಿದಳು. ಒರೆಸಿ, ತನ್ನ ಕೈಯನ್ನು ಅದರ ಮೇಲಿಟ್ಟಳು. ಹೊರಗಿನಿಂದ ಅವನು ಏನೋ ಹೇಳಿದ. ನಾನು ಕೇಳಿಸಿಕೊಳ್ಳಲಿಲ್ಲ. ಸದ್ದಾಗದಂತೆ ಎದ್ದು ಹಿತ್ತಲಿನ ದಾರಿಯಿಂದ ಮನೆಗೆ ಬಂದೆ.

ನಮ್ಮನೆಯವರು ಕಂಡಿಗೆ ಮುಖ ಮಾಡಿ ಮಲಗಿದ್ದರು. ಅವರ ಹಣೆಯ ಮೇಲಿನ ಬಿಳಿಕೂದಲು ಅಲುಗುತ್ತಿತ್ತು. ಬಾಯಿ ಅರೆ ತೆರೆದಿತ್ತು, ಕಣ್ಣು ಮುಚ್ಚಿತ್ತು. ಒಂದು ಕ್ಷಣ ನನಗೆ ಹೆದರಿಕೆಯಾಯಿತು. ಹತ್ತಿರ ಕೂತು ನೋಡಿದೆ. ಎದೆ ಏರಿ ಇಳಿಯುತ್ತಿತ್ತು, ಇಷ್ಟು ದಿನಕ್ಕಿಂತ ನಿಧಾನವಾಗಿ.

"ಯಾರು ತೆಗೆದ್ರು?" ಎಂದರು, ಕಣ್ಣು ತೆರೆಯದೆ.

"ದಾಕ್ಷಾಯಿಣಿ."

"ಅವನು?"

"ಬಂದಿದ್ದಾನೆ. ಅವಳ ಹತ್ರ ಕೂತಿದ್ದಾನೆ."

ಅವರು ಎರಡು ಉಸಿರು ಎಳೆದುಕೊಂಡರು, ಪೂರ್ತಿಯಾಗಿ, ನಡುವೆ ಎಲ್ಲೂ ತಡೆಯಿಲ್ಲದೆ. ಆಚೆ ಗೋಡೆಯ ಹಿಂದಿನಿಂದ ತಮ್ಮಯ್ಯನ ಮೊಮ್ಮಗಳು ಅಳುವುದು ಸಣ್ಣಗೆ ಕೇಳುತ್ತಿತ್ತು. ನಮ್ಮನೆಯವರು ಒಂದು ಕೈಯನ್ನು ನೆಲಕ್ಕೂರಿ, ಇನ್ನೊಂದರಲ್ಲಿ ನನ್ನ ಮೊಣಕಾಲು ಹಿಡಿದರು. "ನನ್ನ ಒಂಚೂರು ಪಕ್ಕಕ್ಕೆ ಎಳಿ ವಿಶಾಲ" ಎಂದರು. "ಗಾಳಿಗೆ ಅಡ್ಡ ಮಲಗಿದ್ದೀನಿ. ಆ ಮಗೂಗೂ ಹೋಗ್ಲಿ."

ಚಾಪೆಯ ಅಂಚು ಹಿಡಿದು ಎಳೆದೆ. ಅವರು ಬಹಳ ಹಗುರವಾಗಿದ್ದರು.